ಅಪ್ಪನ ಫೈಲು ಯಾರ್ಯಾರು ನೋಡ್ಬೋದು?

ಹೋದ ಸಂಚಿಕೇಲಿ ಒಂದು ಆಸ್ಪತ್ರೆ ದಾಖಲೆ ಇನ್ನೊಂದು ಆಸ್ಪತ್ರೆಗೆ ಆನ್‌ಲೈನಲ್ಲೇ ಹೋಗೋ ವಿಷ್ಯ ಎರಡು ಸಾಲು ಬರ್ದಿದ್ದೆ ಅಷ್ಟೇ, ಅದಕ್ಕೆ ಬಂದಿರೋ ಪ್ರಶ್ನೆ ನೋಡಿದ್ರೆ ಈ ಸಲ ಬೇರೇದನ್ನೆಲ್ಲ ಪಕ್ಕಕ್ಕಿಡ್ಬೇಕಾಯ್ತು. ನಾನು ಡಾಕ್ಟರಲ್ಲ, ಮೊದಲೇ ಹೇಳ್ಬಿಡ್ತೀನಿ. ಆಸ್ಪತ್ರೆ ಎಂಆರ್‌ಡಿಯಲ್ಲಿ, ಅಂದ್ರೆ ಹಳೇ ಕೇಸ್ ಶೀಟನ್ನೆಲ್ಲ ದಾರ ಕಟ್ಟಿ ರ್‍ಯಾಕಲ್ಲಿ ಜೋಡಿಸಿಡೋ ಧೂಳು ರೂಮಲ್ಲಿ ಬಹಳ ವರ್ಷ ಕಳೆದು, ಆಮೇಲೆ ಅದೇ ಫೈಲುಗಳು ಕಂಪ್ಯೂಟರಿಗೆ ಏರಿದ್ದನ್ನ ಹತ್ತಿರದಿಂದ ನೋಡ್ದೋನು.

ಅಪ್ಪಂಗೆ 68 ವರ್ಷ. ಎರಡು ವರ್ಷದ ಹಿಂದೆ ಮೈಸೂರಲ್ಲಿ ಸ್ಟೆಂಟ್ ಹಾಕ್ಸಿದ್ವಿ. ಈಗ ನನ್ನ ಜೊತೆ ಬೆಂಗಳೂರಲ್ಲಿದಾರೆ. ಇಲ್ಲಿನ ಆಸ್ಪತ್ರೆಯವ್ರು "ಆಭಾ ನಂಬರ್ ಕೊಡಿ, ಹಳೇ ರಿಪೋರ್ಟ್ ನಾವೇ ತರಿಸ್ಕೋತೀವಿ" ಅಂತಾರೆ. ನಂಬರ್ ಕೊಟ್ಬಿಟ್ರೆ ದೇಶದಲ್ಲಿರೋ ಆಸ್ಪತ್ರೆಯೆಲ್ಲ ಅಪ್ಪನ ಫೈಲ್ ತೆಗ್ದು ನೋಡ್ಬೋದಾ? (ಓದುಗರು, ಬೆಂಗಳೂರು)

ಇಲ್ಲ. ಎಲ್ರಿಗೂ ಇರೋ ಕಲ್ಪನೆ ಏನಂದ್ರೆ ದೆಹಲೀಲಿ ಒಂದು ದೊಡ್ಡ ಕಂಪ್ಯೂಟರ್ ಇದೆ, ಅದ್ರಲ್ಲಿ ನಮ್ಮೆಲ್ರ ಶುಗರ್ ಬಿಪಿ ಎಲ್ಲಾ ತುಂಬಿಟ್ಟಿದಾರೆ, ನಂಬರ್ ಒತ್ತಿದ್ರೆ ಜಾತಕ ಬಂದಂಗೆ ಬಂದ್ಬಿಡತ್ತೆ ಅಂತ. ಹಂಗಿಲ್ಲ ಅದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಂತ 2021ರ ಸೆಪ್ಟೆಂಬರಲ್ಲಿ ದೇಶಕ್ಕೆಲ್ಲ ಶುರು ಮಾಡಿದ್ರಲ್ಲ, ಅದ್ರ ಲೆಕ್ಕದಲ್ಲಿ ಮೈಸೂರಿನ ಫೈಲು ಮೈಸೂರಿನ ಆಸ್ಪತ್ರೆ ಸರ್ವರಲ್ಲೇ ಇರತ್ತೆ. ಆಭಾ, ಅಂದ್ರೆ ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್, ಅನ್ನೋದು ನಮ್ಮ ಆರೋಗ್ಯ ದಾಖಲೆ ಗುರುತಿಸೋಕೆ 14 ಅಂಕಿಯ ಒಂದು ನಂಬರ್, ಅದ್ರ ಜೊತೆ ಈಮೇಲ್ ಥರ ಕಾಣೋ ಒಂದು ಆಭಾ ಅಡ್ರೆಸ್, ಅಷ್ಟೇ. ಬೆಂಗಳೂರಿನವ್ರು ಕೇಳ್ತಾರೆ, ಕೇಳಿದ್ದು ಅಪ್ಪನ ಫೋನಿಗೆ ಬರತ್ತೆ, ಅಪ್ಪ ಹೂಂ ಅಂದ್ರೆ ಮಾತ್ರ ಮೈಸೂರಿನ ಸರ್ವರ್ ಆ ಕಾಗದಗಳನ್ನ ಬೀಗ ಹಾಕಿ ಕಳ್ಸತ್ತೆ, ಆ ಬೀಗ ತೆಗೆಯೋದು ಕೇಳಿದವ್ರ ಹತ್ರ ಮಾತ್ರ ಆಗತ್ತೆ, ನಡುವೆ ಈ ಕೋರಿಕೆ, ಒಪ್ಪಿಗೆ ದಾಟಿಸೋ ಸರ್ಕಾರಿ ಗೇಟ್‌ವೇಗೂ ಒಳಗೇನಿದೆ ಅಂತ ಕಾಣಲ್ಲ.

ಹೆದರ್ಬೇಕಾದ ಜಾಗ ನಂಬರಲ್ಲ, ಆ 'ಹೂಂ' ಅನ್ನೋ ಸ್ಕ್ರೀನು. ಅದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ಒಪಿಡಿ ಕ್ಯೂನಲ್ಲಿ ನಿಂತು ಹಿಂದಿನವ್ರು ಗೊಣಗ್ತಿರುವಾಗ ಎಲ್ರೂ ಓದ್ದೇ ಒತ್ತೋದು ಅದನ್ನೇ. ಅದ್ರಲ್ಲಿ ಯಾವ ಆಸ್ಪತ್ರೆ ಕೇಳ್ತಿದೆ ಅಂತಿರತ್ತೆ, ಯಾಕೆ ಬೇಕು ಅಂತಿರತ್ತೆ, ಆಮೇಲೆ ಯಾವ ಯಾವ ಥರದ ಕಾಗದ ಅಂತ ಪಟ್ಟಿ (ಪ್ರಿಸ್ಕ್ರಿಪ್ಷನ್, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ, ಲಸಿಕೆ ಹೀಗೆ), ಯಾವ ತಾರೀಕಿಂದ ಯಾವ ತಾರೀಕಿನ ತನಕದ್ದು, ಮತ್ತೆ ಈ ಒಪ್ಪಿಗೆ ಯಾವತ್ತು ಮುಗಿಯತ್ತೆ ಅನ್ನೋದು. ಕೊನೇ ಎರಡು ಮುಖ್ಯ. ಕೇಳೋರು ಸುಮ್ನೆ ಹತ್ತು ವರ್ಷದ್ದು ಕೇಳಿರ್ತಾರೆ, ಕೆಟ್ಟ ಉದ್ದೇಶ ಅಂತಲ್ಲ, ಸಾಫ್ಟ್‌ವೇರಲ್ಲಿ ಹಂಗೆ ಸೆಟ್ ಮಾಡಿಟ್ಟಿರ್ತಾರೆ. ಒಪ್ಕೊಳ್ಳೋ ಮುಂಚೆ ಅದನ್ನ ಕಡಿಮೆ ಮಾಡೋ ಅವಕಾಶ ನಿಮಗಿದೆ. ಅಪ್ಪಂದು ಹೃದಯದ ವಿಷ್ಯ ತಾನೇ, ಸ್ಟೆಂಟ್ ಹಾಕಿದ ತಿಂಗಳಿಂದ ಇವತ್ತಿನವರೆಗೆ ಕೊಡಿ, ಅವಧಿ ಒಂದು ತಿಂಗಳು ಸಾಕು, ಮತ್ತೆ ಬೇಕಾದ್ರೆ ಮತ್ತೆ ಕೇಳ್ಲಿ. ಕೊಟ್ಟಿದ್ದನ್ನ ನಡುವೆ ವಾಪಸ್ ತಗೋಬೋದು ಕೂಡ, ಆದ್ರೆ ಡಾಕ್ಟ್ರು ಆಗಲೇ ನೋಡಿ ತಮ್ಮ ಕೇಸ್ ಶೀಟಲ್ಲಿ ಬರ್ಕೊಂಡಿರೋದು ಅಲ್ಲೇ ಉಳಿಯತ್ತೆ, ಅದು ವಾಪಸ್ ಬರಲ್ಲ.

ಇನ್ನು ಕೌಂಟರ್ ಮೇಲೆ ಅಂಟ್ಸಿರೋ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತಗೋತೀರಲ್ಲ, ಅದೇ ಬೇರೆ. ಅದ್ರಲ್ಲಿ ಹೆಸ್ರು, ವಯಸ್ಸು, ಫೋನು, ವಿಳಾಸ ಹೋಗತ್ತೆ, ರಿಪೋರ್ಟ್ ಹೋಗಲ್ಲ.

ಒಂದು ಪೇಚಾಟ ಮಾತ್ರ ನಿಮಗೆ ಗ್ಯಾರಂಟಿ ಆಗತ್ತೆ. ಹಳೇ ಫೈಲನ್ನ ಆಭಾಗೆ ಲಿಂಕ್ ಮಾಡುವಾಗ ಮೊಬೈಲ್ ನಂಬರ್, ಹೆಸ್ರು, ಲಿಂಗ, ಹುಟ್ಟಿದ ವರ್ಷ ತಾಳೆ ನೋಡ್ತಾರೆ. ನಮ್ಮ ಕಡೆ ಹೆಸರಿನ ಕಥೆ ಗೊತ್ತಲ್ಲ, ಆಧಾರಲ್ಲಿ 'ಮಂಜುನಾಥ ಎಚ್ ಆರ್', ಆಸ್ಪತ್ರೇಲಿ 'ಎಚ್.ಆರ್. ಮಂಜುನಾಥ್', ಊರಲ್ಲಿ ಮಂಜಣ್ಣ, ಇನ್ನು ಹುಟ್ಟಿದ ವರ್ಷ ಅಂತೂ ಸ್ಕೂಲಿಗೆ ಸೇರಿಸ್ದಾಗ ಮೇಷ್ಟ್ರು ಅಂದಾಜಲ್ಲಿ ಬರ್ದಿದ್ದು. ಎಂಆರ್‌ಡಿಯಲ್ಲಿ ಒಂದೇ ದಿನ ಒಂದೇ ಹೆಸರಿನ ಇಬ್ಬರ ಫೈಲ್ ಅದಲುಬದಲಾಗಿ ಒಬ್ಬರ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) ಇನ್ನೊಬ್ಬರ ಫೈಲಿಗೆ ಹೋಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ, ಪುಣ್ಯಕ್ಕೆ ನರ್ಸಮ್ಮ ಒಬ್ರು ಹಿಡಿದ್ರು. ಅದಕ್ಕೇ ಮೈಸೂರಿಗೆ ಒಂದ್ಸಲ ಫೋನ್ ಹಾಕಿ ಅಪ್ಪನ ಹೆಸ್ರು, ವರ್ಷ, ಈಗಿನ ಮೊಬೈಲ್ ಆಧಾರ್ ಪ್ರಕಾರ ಸರಿ ಮಾಡ್ಸಿ. ಲಿಂಕ್ ಆದ ಮೇಲೆ ಬಂದಿರೋ ಕಾಗದ ಅಪ್ಪಂದೇನಾ ಅಂತ ಒಂದ್ಸಲ ನೀವೇ ಕಣ್ಣಾಡಿಸಿ.

ಮೈಸೂರಿನ ಆಸ್ಪತ್ರೆ ಈ ವ್ಯವಸ್ಥೆಗೆ ಸೇರೇ ಇಲ್ಲ ಅಂದ್ರೆ ಇದೆಲ್ಲ ನಡಿಯಲ್ಲ. ಆಗ ನಮ್ಮ ಹಳೇ ಕಾಗದವೇ ಗತಿ. ಸ್ಟೆಂಟ್ ಹಾಕಿದ ತಾರೀಕು, ರಕ್ತ ತೆಳು ಮಾಡೋ ಮಾತ್ರೆ ಯಾವ್ದು ಎಷ್ಟು, ಯಾವ ಔಷಧಿ ಆಗಲ್ಲ, ಕೊನೇ ಕ್ರಿಯಾಟಿನಿನ್ ಎಷ್ಟು, ಇಷ್ಟನ್ನ ಒಂದು ಹಾಳೇಲಿ ಬರ್ದು ಅಪ್ಪನ ಜೇಬಲ್ಲಿಡಿ. ಕರೆಂಟ್ ಹೋದ್ರೂ ಅದು ಕೆಲ್ಸ ಮಾಡತ್ತೆ.

ನಮಗೆ ಆಯುಷ್ಮಾನ್ ಕಾರ್ಡ್ ಇದೆ. ಅದಿದ್ದ ಮೇಲೆ ಆಭಾ ಯಾಕೆ? (ಓದುಗರು, ದಾವಣಗೆರೆ)

ಹೆಸ್ರು ಒಂದೇ ಥರ ಇಟ್ಟು ಜನಾನ ಗೋಳುಹೊಯ್ಕೊಂಡಿದಾರೆ. ಆಯುಷ್ಮಾನ್ ಕಾರ್ಡು ದುಡ್ಡಿನದ್ದು, ನಮ್ಮ ರಾಜ್ಯದ ಯೋಜನೇಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆಭಾ ಕಾಗದಪತ್ರದ್ದು, ಅದ್ರಲ್ಲಿ ಒಂದು ರೂಪಾಯೀನೂ ಬರಲ್ಲ. ಮಾಡಿಸ್ಲೇಬೇಕು ಅಂತಾನೂ ಇಲ್ಲ, ಆಭಾ ಇಲ್ಲ ಅಂತ ಯಾರೂ ಚಿಕಿತ್ಸೆ ಕೊಡಲ್ಲ ಅನ್ನೋ ಹಂಗಿಲ್ಲ.

ನಾಲ್ಕು ವರ್ಷದಿಂದ ಬೈಪೋಲಾರ್ ಅನ್ನೋ ಮಾನಸಿಕ ಕಾಯಿಲೆ‌ಗೆ ಲಿಥಿಯಂ ತಗೋತಿದೀನಿ. ನಮ್ಮೂರು ಚಿಕ್ಕದು, ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಲ್ಲಿ ಕೂತಿರೋ ಹುಡುಗಿ ನಮ್ಮ ಬೀದಿಯವ್ಳೇ. ಎಲ್ಲಾ ರೆಕಾರ್ಡ್ ಆನ್‌ಲೈನ್ ಆದ್ರೆ ನನ್ನ ವಿಷ್ಯ ಊರಿಗೆಲ್ಲ ಗೊತ್ತಾಗತ್ತೆ. ಆಭಾ ಕ್ಯಾನ್ಸಲ್ ಮಾಡ್ಲಾ? (ಹೆಸರು ಬೇಡ, ಶಿವಮೊಗ್ಗ ಜಿಲ್ಲೆ)

ಅಮ್ಮಾ, ನಿಮ್ಮ ಭಯ ಸುಮ್ನೆ ಅಲ್ಲ. ಫೈಲ್ ಲೀಕ್ ಆಗೋದು ಅಂದ್ರೆ ಎಲ್ರೂ ರಷ್ಯಾದ ಹ್ಯಾಕರ್ ಅಂದ್ಕೋತಾರೆ, ನಾನು ನೋಡಿರೋ ಲೀಕೆಲ್ಲ ರಿಸೆಪ್ಷನ್ ಮೇಜಿಂದ ಆಗಿದ್ದು, "ಅವ್ರಾ, ಅವ್ರು ಆ ಡಾಕ್ಟ್ರ ಹತ್ರ ತೋರಿಸ್ಕೋತಾರಂತೆ" ಅನ್ನೋ ಅಷ್ಟೇ ಮಾತಲ್ಲಿ.

ಕ್ಯಾನ್ಸಲ್ ಮಾಡೋ ಅವಶ್ಯಕತೆ ಇಲ್ಲ. ಮಾನಸಿಕ ಆಸ್ಪತ್ರೆ ಫೈಲನ್ನ ಆಭಾಗೆ ಲಿಂಕೇ ಮಾಡ್ಬೇಡಿ, ಅಥ್ವಾ ಹಲ್ಲಿನವ್ರು ಕೇಳ್ದಾಗ ಒಪ್ಪಿಗೆ ಕೊಡ್ಬೇಡಿ, ನೀವು ಕೊಡ್ದೇ ಅವ್ರಿಗೆ ಕಾಣಲ್ಲ. ಕಾನೂನೂ ನಿಮ್ಮ ಕಡೆ ಇದೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಕಾಯಿಲೆ ಚಿಕಿತ್ಸೆ ವಿಷ್ಯ ಗುಟ್ಟಾಗಿಡೋದು ನಿಮ್ಮ ಹಕ್ಕು. ಆದ್ರೆ ಅದೇ ಕಾಯ್ದೇಲಿ ಒಂದು ಬಾಗಿಲು ತೆರೆದಿಟ್ಟಿದಾರೆ, ನಿಮಗೆ ಚಿಕಿತ್ಸೆ ಕೊಡೋ ಬೇರೆ ಡಾಕ್ಟ್ರಿಗೆ ಅದಕ್ಕೆ ಬೇಕಾಗಿದ್ದನ್ನ ಹೇಳ್ಬೋದು ಅಂತ.

ಅದ್ಯಾಕೆ ಇಟ್ಟಿದಾರೆ ಅನ್ನೋದಕ್ಕೆ ನಿಮ್ಮ ಕೇಸೇ ಉದಾಹರಣೆ. ಹಲ್ಲು ಕಿತ್ತ ಮೇಲೆ ನೋವಿಗೆ ಐಬುಪ್ರೊಫೇನ್ ಅಥ್ವಾ ಡೈಕ್ಲೋಫೆನಾಕ್ ಥರದ್ದು ಬರ್ದುಕೊಡೋದು ಮಾಮೂಲಿ. ಲಿಥಿಯಂ ತಗೊಳ್ಳೋರು ಅದನ್ನ ತಗೊಂಡ್ರೆ ಕಿಡ್ನಿ ಲಿಥಿಯಮ್ಮನ್ನ ಹೊರಗೆ ಹಾಕೋದು ಕಮ್ಮಿಯಾಗಿ ರಕ್ತದಲ್ಲಿ ಅದು ಏರ್ತಾ ಹೋಗತ್ತೆ, ಕೈ ನಡುಕ, ವಾಂತಿ, ಇನ್ನೂ ಜಾಸ್ತಿಯಾದ್ರೆ ಪ್ರಜ್ಞೆ ತಪ್ಪೋವರೆಗೂ ಹೋಗ್ಬೋದು. ಅಂದ್ರೆ ಕಾಯಿಲೆ ಹೆಸ್ರು ಹೇಳೋದು ಬಿಡೋದು ನಿಮ್ಮಿಷ್ಟ, ಮಾತ್ರೆ ಹೆಸ್ರು ಮಾತ್ರ ಮುಚ್ಚಿಡ್ಬೇಡಿ. ಲಿಥಿಯಂ ಅಂದ್ರೆ ಡಾಕ್ಟ್ರಿಗೆ ಕಾಯಿಲೆ ಗೊತ್ತಾಗೇ ಗೊತ್ತಾಗತ್ತೆ, ಅದನ್ನ ನಾನು ಸುಳ್ಳು ಹೇಳಲ್ಲ. ಆದ್ರೆ ಆ ಹುಡುಗಿಗೆ ಗೊತ್ತಾಗ್ಬೇಕಾಗಿಲ್ಲ. ಮಾತ್ರೆ ಪಟ್ಟಿ ಒಂದು ಚೀಟೀಲಿ ಬರ್ಕೊಂಡು ಹೋಗಿ, ಹೊರಗಡೆ ಫಾರಂನಲ್ಲಿ ತುಂಬ್ಬೇಡಿ, ಒಳಗೆ ಕುರ್ಚೀಲಿ ಕೂತ ಮೇಲೆ ಡಾಕ್ಟ್ರ ಕೈಗೇ ಕೊಟ್ಟು "ಇದು ನಿಮಗೆ ಮಾತ್ರ ಸರ್" ಅನ್ನಿ. ಇಲ್ಲಾಂದ್ರೆ ನಿಮ್ಮ ಸೈಕಿಯಾಟ್ರಿಸ್ಟ್ ಹತ್ರಾನೇ ನೋವಿಗೆ ಯಾವ ಮಾತ್ರೆ ಆಗತ್ತೆ ಯಾವ್ದು ಆಗಲ್ಲ ಅಂತ ಮೊದಲೇ ಬರೆಸ್ಕೊಂಡು ಹೋಗಿ, ಅದು ಇನ್ನೂ ಒಳ್ಳೇದು.

ನಾನು ತಾಲೂಕಿನಲ್ಲಿ ಕ್ಲಿನಿಕ್ ನಡೆಸೋ ಡಾಕ್ಟರ್. ಇಸಿಜಿ, ಎಕ್ಸ್‌ರೇ ಎಲ್ಲಾ ವಾಟ್ಸಪ್ ಗ್ರೂಪಲ್ಲಿ ಹಾಕಿ ಸ್ಪೆಷಲಿಸ್ಟ್ ಅಭಿಪ್ರಾಯ ಕೇಳ್ತೀವಿ. ತಪ್ಪಾ? ಬೇರೆ ದಾರಿ ಏನಿದೆ ನಮಗೆ? (ಓದುಗರು, ಕೊಪ್ಪಳ ಜಿಲ್ಲೆ)

ಎದೆನೋವು ಅಂತ ಬಂದವ್ರ ಇಸಿಜಿ ಮೊದಲು ಕಳ್ಸಿ ಡಾಕ್ಟ್ರೇ, ಆಮೇಲೆ ಈ ಪತ್ರಿಕೆ ಓದಿ. ಜೀವಕ್ಕಿಂತ ಗೌಪ್ಯತೆ ದೊಡ್ಡದು ಅಂತ ಯಾರೂ ಹೇಳಿಲ್ಲ. ಆದ್ರೆ ಅದಕ್ಕೆ ಸರಿಯಾದ ದಾರಿ ಈಗ ನಮ್ಮ ರಾಜ್ಯದಲ್ಲೇ ಇದೆ, ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ತಾಲೂಕು ಆಸ್ಪತ್ರೇಲಿ ತೆಗೆದ ಇಸಿಜಿ ಜಯದೇವದಂಥ ಹಬ್ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಹಾರ್ಟ್ ಅಟ್ಯಾಕ್ ಹೌದು ಅಂತ ಬಂದ್ರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲೂಕಲ್ಲೇ ಉಚಿತವಾಗಿ ಕೊಡ್ತಾರೆ. ದಾಖಲೆ ಹಂಚ್ಕೊಳ್ಳೋದು ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ತೋರಿಸೋದು. ನಿಮ್ಮ ಕ್ಲಿನಿಕ್ಕಿಂದ ರೋಗೀನ ನೇರ ಆ ತಾಲೂಕು ಆಸ್ಪತ್ರೆಗೆ ಕಳ್ಸೋದೇ ಎಷ್ಟೋ ಸಲ ಗ್ರೂಪಲ್ಲಿ ಉತ್ತರ ಕಾಯೋದಕ್ಕಿಂತ ಬೇಗ.

ಅರ್ಜೆಂಟ್ ಇಲ್ಲದ ಕೇಸಿಗೆ ಬರೋಣ. ವಾಟ್ಸಪ್ಪಲ್ಲಿ ಮೆಸೇಜ್ ಹೋಗೋ ದಾರೀಲಿ ಯಾರೂ ನೋಡಕ್ಕಾಗಲ್ಲ, ನಿಜ. ತಲುಪಿದ ಮೇಲೆ? ಗ್ರೂಪಲ್ಲಿರೋ ಅಷ್ಟೂ ಜನರ ಗ್ಯಾಲರೀಲಿ ಆ ರೋಗಿಯ ಹೆಸರಿರೋ ಎಕ್ಸ್‌ರೇ ಮಗಳ ಬರ್ತ್‌ಡೇ ಫೋಟೋ ಪಕ್ಕದಲ್ಲಿ ಕೂತಿರತ್ತೆ, ರಾತ್ರಿ ತಾನಾಗೇ ಗೂಗಲ್ ಫೋಟೋಸಿಗೆ ಏರತ್ತೆ, ಬೆಳಿಗ್ಗೆ ಆ ಫೋನ್ ಮಗನ ಕೈಲಿ ಗೇಮ್ ಆಡ್ತಿರತ್ತೆ. ಗ್ರೂಪಲ್ಲಿ ಯಾರ್ಯಾರಿದಾರೆ ಅಂತ ಒಂದ್ಸಲ ಕೆಳಗಿನ ತನಕ ಸ್ಕ್ರಾಲ್ ಮಾಡಿ ನೋಡಿ, ಮೆಡಿಕಲ್ ರೆಪ್ ಒಬ್ರಾದ್ರೂ ಸಿಗ್ತಾರೆ, ಪಂದ್ಯ ಕಟ್ತೀನಿ.

ಗ್ರೂಪ್ ಬಿಟ್ಟು ಒಬ್ಬ ಸ್ಪೆಷಲಿಸ್ಟಿಗೆ ಮಾತ್ರ ಕಳ್ಸಿ, ರೋಗೀನ ಕೇಳಿ ಕಳ್ಸಿ, ಕೇಳಿದ್ದನ್ನ ಓಪಿ ಚೀಟೀಲಿ ಒಂದು ಸಾಲು ಬರ್ದಿಡಿ. ಅಭಿಪ್ರಾಯಕ್ಕೆ ಹೆಸ್ರು ಬೇಕಾಗಿಲ್ಲ, ಫಿಲ್ಮಿನ ಹೆಸರಿರೋ ಮೂಲೆ ಕ್ರಾಪ್ ಮಾಡಿ ವಯಸ್ಸು, ಗಂಡೋ ಹೆಣ್ಣೋ ಅಷ್ಟು ಬರ್ದ್ರೆ ಸಾಕು. ಫೋಟೋ ಥರ ಕಳ್ಸಿದ್ರೆ ವಾಟ್ಸಪ್ ಅದನ್ನ ಹಿಂಡಿ ಹಿಪ್ಪೆ ಮಾಡತ್ತೆ, ಸಣ್ಣ ಬಿರುಕು ಕಾಣ್ದೇ ಹೋಗ್ಬೋದು, ಡಾಕ್ಯುಮೆಂಟ್ ಥರ ಕಳ್ಸಿ. ಪೂರ್ತಿ ರಿಪೋರ್ಟ್ ಆದ್ರೆ ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ ಪಾಸ್‌ವರ್ಡನ್ನ ಫೋನಲ್ಲಿ ಬಾಯಲ್ಲಿ ಹೇಳಿ (ಅದೇ ಚಾಟಲ್ಲಿ ಕೆಳಗಡೆ ಟೈಪ್ ಮಾಡೋರನ್ನೂ ನೋಡಿದೀನಿ, ಬೀಗ ಹಾಕಿ ಕೈನ ಬಾಗಿಲಿಗೇ ನೇತಾಕ್ದಂಗೆ). ಗ್ಯಾಲರಿಗೆ ತಾನಾಗೇ ಸೇವ್ ಆಗೋದನ್ನ ಸೆಟ್ಟಿಂಗ್ಸಲ್ಲಿ ಆಫ್ ಮಾಡೋಕೆ ಅರ್ಧ ನಿಮಿಷ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಅಂತಾನೇ ಕಾನೂನು ಬಂದಿದೆ, ಸಣ್ಣ ಕ್ಲಿನಿಕ್ ಅಂತ ಅದು ನಿಮ್ಮನ್ನ ಮುಟ್ಟಲ್ಲ ಅಂದ್ಕೋಬೇಡಿ.

ಏಮ್ಸೇ ಹ್ಯಾಕ್ ಆಯ್ತು. ನಮ್ಮದು ಯಾವ ಲೆಕ್ಕ? (ಓದುಗರು, ಹುಬ್ಬಳ್ಳಿ)

ಹೌದು, 2022ರ ನವೆಂಬರ್ 23ಕ್ಕೆ ದೆಹಲಿ ಏಮ್ಸ್ ಸರ್ವರುಗಳಿಗೆ ಫೈಲು ಲಾಕ್ ಮಾಡಿ ದುಡ್ಡು ಕೇಳೋ ರಾನ್ಸಮ್‌ವೇರ್ ಬಿತ್ತು, ಸುಮಾರು ಎರಡು ವಾರ ಒಪಿಡಿ ಚೀಟಿಯಿಂದ ಲ್ಯಾಬ್ ರಿಪೋರ್ಟ್ ತನಕ ಕೈಲೇ ಬರ್ದ್ರು. 2018ರಲ್ಲಿ ಸಿಂಗಾಪುರದಲ್ಲಿ ಸುಮಾರು 15 ಲಕ್ಷ ರೋಗಿಗಳ ವಿವರ ಕದ್ದೊಯ್ದ್ರು, ಅಲ್ಲಿನ ಪ್ರಧಾನಿ ತಗೊಳ್ಳೋ ಔಷಧಿ ಪಟ್ಟೀನೂ ಬಿಡ್ಲಿಲ್ಲ, ಅದನ್ನೇ ಹುಡುಕ್ಕೊಂಡು ಬಂದಿದ್ರು. ಹಂಗಾಗಿ ಆಗೋದೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಎಲ್ಲಾ ಒಂದೇ ಕಡೆ ಸೇರ್ಸಿಡ್ದೇ ಆಯಾ ಆಸ್ಪತ್ರೇಲೇ ಬಿಟ್ಟಿರೋದ್ರಿಂದ ಒಂದು ಕಡೆ ಕನ್ನ ಬಿದ್ರೆ ಎಲ್ರದ್ದೂ ಹೋಗಲ್ಲ ಅನ್ನೋದು ಒಂದು ಸಮಾಧಾನ. ಆದ್ರೆ ಅದೇ ಕಾರಣಕ್ಕೆ ನಿಮ್ಮ ಆಸ್ಪತ್ರೆ ಬೀಗ ಎಷ್ಟು ಗಟ್ಟಿ ಅನ್ನೋದೇ ಪ್ರಶ್ನೆ ಆಗತ್ತೆ, ಒಂದೇ ಪಾಸ್‌ವರ್ಡನ್ನ ವಾರ್ಡಲ್ಲಿರೋ ಎಲ್ರೂ ಮಾನಿಟರ್ ಮೇಲೆ ಚೀಟಿ ಅಂಟ್ಸ್ಕೊಂಡು ಬಳಸ್ತಿದ್ರೆ ಯಾವ ಮಿಷನ್ನೂ ಏನೂ ಮಾಡಕ್ಕಾಗಲ್ಲ. ನಿಮ್ಮ ಕೈಲಾಗೋದು, ಆಸ್ಪತ್ರೆ ಹೆಸ್ರು ಹೇಳಿ ಫೋನ್ ಮಾಡಿ ಓಟಿಪಿ ಕೇಳಿದ್ರೆ ಕೊಡ್ದೇ ಇರೋದು. ಕೌಂಟರಲ್ಲಿ ನೀವೇ ನಿಂತಿರುವಾಗ ಬಂದ ಓಟಿಪಿ ಬೇರೆ, ಮನೇಲಿ ಊಟ ಮಾಡ್ತಿರುವಾಗ ಬಂದಿದ್ದು ಬೇರೆ.

ಅತ್ತೆಯವ್ರ ಹಳೇ ಕೇಸ್ ಶೀಟ್ ಕೇಳಿದ್ರೆ ಆಸ್ಪತ್ರೆಯವ್ರು ಇವತ್ತು ಬಾ ನಾಳೆ ಬಾ ಅಂತಿದಾರೆ. ಎಂಆರ್‌ಐ ಸಿಡಿ ಕೊಟ್ಟಿದಾರೆ, ಬೇರೆ ಡಾಕ್ಟ್ರು ಅದು ಓಪನ್ನೇ ಆಗಲ್ಲ ಅಂತಾರೆ. (ಓದುಗರು, ತುಮಕೂರು)

ಬಾಯಲ್ಲಿ ಕೇಳಿದ್ರೆ ಹಂಗೇ ಅನ್ನೋದು. ಬರೆದು ಕೊಡಿ, ಒಂದು ಕಾಪಿ ಮೇಲೆ ಸೀಲು, ತಾರೀಕು, ಸಹಿ ಹಾಕಿಸ್ಕೊಳ್ಳಿ. 2002ರ ವೈದ್ಯರ ವೃತ್ತಿ ನಿಯಮದಲ್ಲಿ ಕೇಳಿದ 72 ಗಂಟೆ ಒಳಗೆ ದಾಖಲೆ ಕೊಡ್ಬೇಕು ಅಂತಿದೆ, ಒಳರೋಗಿಗಳ ದಾಖಲೆ ಚಿಕಿತ್ಸೆ ಶುರುವಾದಾಗಿಂದ 3 ವರ್ಷ ಇಟ್ಟಿರ್ಬೇಕು ಅಂತಾನೂ ಇದೆ, ಹಂಗಾಗಿ ಮೂರನೇ ವರ್ಷ ಮುಗಿಯೋ ತನಕ ಕಾಯ್ಬೇಡಿ. ಅರ್ಜೀಲಿ ಅತ್ತೆಯವ್ರೇ ಸಹಿ ಮಾಡ್ಲಿ, ನಿಮಗೆ ಕೊಡಕ್ಕೆ ಒಪ್ಪಿಗೆ ಇದೆ ಅಂತ ಅದ್ರಲ್ಲೇ ಒಂದು ಸಾಲು ಬರೆಸಿ, ಇಲ್ಲಾಂದ್ರೆ ಸೊಸೆಗೆ ಕೊಡಲ್ಲ ಅಂತ ವಾಪಸ್ ಕಳಿಸ್ತಾರೆ, ಅದ್ರಲ್ಲಿ ಅವ್ರ ತಪ್ಪೂ ಇಲ್ಲ.

ಸಿಡಿ ಹಾಳಾಗಿಲ್ದೇ ಇರ್ಬೋದು, ಈಗಿನ ಲ್ಯಾಪ್‌ಟಾಪಲ್ಲಿ ಸಿಡಿ ಹಾಕೋ ಜಾಗಾನೇ ಇಲ್ವಲ್ಲ. ಡೆಸ್ಕ್‌ಟಾಪ್ ಇರೋ ಯಾವ್ದಾದ್ರೂ ಸೈಬರ್ ಸೆಂಟರಲ್ಲಿ ಪೂರ್ತಿ ಫೋಲ್ಡರನ್ನ ಹಂಗಂಗೇ ಪೆನ್‌ಡ್ರೈವಿಗೆ ಕಾಪಿ ಮಾಡ್ಸಿ, ಒಳಗಿನ ಒಂದೊಂದು ಚಿತ್ರ ಆರ್ಸ್ಕೊಂಡು ಬರ್ಬೇಡಿ, ಡೈಕಾಮ್ ಅಂತ ಆ ಫೈಲುಗಳು ಒಟ್ಟಿಗಿದ್ರೇನೇ ಡಾಕ್ಟ್ರಿಗೆ ಪದರ ಪದರವಾಗಿ ನೋಡೋಕಾಗೋದು. ಕಾಪಿ ಆದ ಮೇಲೆ ಸೈಬರಿನ ಕಂಪ್ಯೂಟರಲ್ಲಿ ಉಳಿದಿದ್ದನ್ನ ನಿಮ್ಮೆದುರಿಗೇ ಡಿಲೀಟ್ ಮಾಡ್ಸಿ, ರೀಸೈಕಲ್ ಬಿನ್ನಿಂದಾನೂ.