ಕಡಲ ತಳದಲ್ಲಿ ಬೈಕುಗಳು

ಪ್ರಶ್ನೆ: ಮುಳುಗಿದ ಹಡಗಿನೊಳಗೆ ಏನಿರುತ್ತದೆ ಸಾರ್? ನಿಧಿ ಗಿಧಿ ಸಿಗುತ್ತದಾ? (ಭಟ್ಕಳದ ಓದುಗರು)

ಉತ್ತರ: ನಿಧಿ ಇಲ್ಲ, ನಾನು ನೋಡಿದ್ದು ಬೈಕು! ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಥಿಸಲ್‌ಗಾರ್ಮ್ ಎಂಬ ಬ್ರಿಟಿಷ್ ಸರಕು ಹಡಗಿದೆ. 1941ರ ಅಕ್ಟೋಬರ್ 6ರ ರಾತ್ರಿ ಜರ್ಮನ್ ವಿಮಾನದ ಬಾಂಬಿಗೆ ಮುಳುಗಿದ್ದು. ತಳ ಸುಮಾರು 30 ಮೀಟರ್ ಆಳದಲ್ಲಿದೆ. ಡೈವ್ ಮಾಡಿ ಒಳಗೆ ಟಾರ್ಚ್ ಬೆಳಕು ಹಾಯಿಸಿದರೆ ಲಾರಿಗಳು, ಅವುಗಳ ಮೇಲೆ ಒತ್ತೊತ್ತಾಗಿ ನಿಂತ ಬಿಎಸ್‌ಎ, ನಾರ್ಟನ್ ಬೈಕುಗಳು. ಟಯರು ಇನ್ನೂ ಇವೆ! ಒಂದು ಮೂಲೆಯಲ್ಲಿ ಸೈನಿಕರ ಬೂಟು. ಅದನ್ನು ನೋಡಿದಾಗ ಮಾತ್ರ ಎದೆ ಭಾರವಾಯಿತು. ಆ ರಾತ್ರಿ 9 ಮಂದಿ ಸತ್ತಿದ್ದರು. ನಾನಂತೂ ಬೈಕು ನೋಡುತ್ತಾ ನನ್ನ ಸಿಲಿಂಡರಿನಲ್ಲಿ ಉಸಿರಾಡುವ ಗಾಳಿ ಎಷ್ಟಿದೆ ಅಂತ ನೋಡುವುದನ್ನೇ ಮರೆತೆ. ಗೈಡ್ ಕಾಲು ಹಿಡಿದು ಎಳೆದ. ಅಂದಹಾಗೆ, ತುಕ್ಕು ಹಿಡಿದ ಕಬ್ಬಿಣಕ್ಕೆ ಸುಮ್ನೆ ಕೈ ಇಡಬೇಡಿ. ಸಂದಿಯಲ್ಲಿ ಸಿಂಹಮೀನು ಇರಬಹುದು, ಅದರ ಮುಳ್ಳು ವಿಷ.

ಪ್ರಶ್ನೆ: ನಮ್ಮ ನೇತ್ರಾಣಿ ದ್ವೀಪದಲ್ಲಿ ಏನು ವಿಶೇಷ? (ಹೊನ್ನಾವರದ ಓದುಗರು)

ಉತ್ತರ: ಮುರುಡೇಶ್ವರದಿಂದ ದೋಣಿ ಹತ್ತಿ. ಅಲ್ಲಿ ಕ್ಲೌನ್ ಮೀನು ನೋಡಿ. ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನ ಯಜಮಾನಿ ಸತ್ತರೆ ಅವಳ ಗಂಡನೇ ಹೆಣ್ಣಾಗುತ್ತಾನೆ!