ಹೈಪಾಥಿಸಿಸ್‌ಗೂ ಬರೀ ಊಹೆಗೂ ಏನು ವ್ಯತ್ಯಾಸ? ಅದನ್ನು ಪರೀಕ್ಷಿಸುವುದು ಹೇಗೆ?

ಮಗಳ ಶಾಲೆಯ ಪ್ರಾಜೆಕ್ಟಿಗೆ "ಹುಳಿ ಮಜ್ಜಿಗೆ ಹಾಕಿದರೆ ಕರಿಬೇವಿನ ಗಿಡ ಚೆನ್ನಾಗಿ ಚಿಗುರುತ್ತದೆ" ಎಂಬ ಅಜ್ಜಿಯ ಮಾತನ್ನು ಆರಿಸಿಕೊಂಡಿದ್ದೇವೆ, ಇದು ಹೈಪಾಥಿಸಿಸ್ ಆಗುತ್ತದೆಯೇ, ಪರೀಕ್ಷಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಸಾಗರದ ಕಡೆಯವನು, ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. 'ಪ್ರಾಕ್ಕಲ್ಪನೆ'ಯ (ಹೈಪಾಥಿಸಿಸ್‌ಗೆ ಕನ್ನಡ ಪದ) ವ್ಯಾಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಮರುದಿನ ಮರೆಯುತ್ತಾರೆ. ಹಾಗಾಗಿ ನಾನು ಈ ಪಾಠವನ್ನು ಮಂಗನ ಕಾಯಿಲೆಯಿಂದ ಶುರು ಮಾಡುತ್ತೇನೆ. ನಿಮಗೂ ಅಲ್ಲಿಂದಲೇ ಹೇಳುತ್ತೇನೆ, ಕರಿಬೇವಿಗೆ ಆಮೇಲೆ ಬರೋಣ.

1957ರಲ್ಲಿ ಸೊರಬ–ಸಾಗರ ಭಾಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳಲ್ಲಿ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಎರಡಕ್ಕೂ ಸಂಬಂಧ ಇದೆ ಎಂದು ಊರವರಿಗೆ ಅನ್ನಿಸಿತ್ತು, ಕಾಯಿಲೆಗೆ ಬಿದ್ದ ಹೆಸರೇ ಅದನ್ನು ಹೇಳುತ್ತದೆ. ಇದು ಗಮನಿಸಿದ್ದು. ಹೈಪಾಥಿಸಿಸ್ ಇನ್ನೂ ಹುಟ್ಟಿಲ್ಲ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ) ತಜ್ಞರು ಬಂದರು. ಅವರಿಗೆ ಮೊದಲು ಅನುಮಾನ ಬಂದದ್ದು ಹಳದಿ ಜ್ವರದ ಮೇಲೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಎದ್ದಾಗಲೂ ಮೊದಲು ಮಂಗಗಳು ಸಾಯುತ್ತವೆ, ಹಿಂದೆಯೇ ಮನುಷ್ಯರಿಗೆ ಬರುತ್ತದೆ. ಭಾರತದಲ್ಲಿ ಆ ರೋಗ ಇರಲೇ ಇಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಬೇಕಾದಷ್ಟಿತ್ತು. ಬೇರೆಡೆ ಕಂಡಿದ್ದಕ್ಕೂ ಕಣ್ಣೆದುರು ಇದ್ದದ್ದಕ್ಕೂ ಹೋಲಿಕೆ ಕಂಡು ಈ ಊಹೆ ಹುಟ್ಟಿತು. ಹೈಪಾಥಿಸಿಸ್ ಎಲ್ಲಿಂದ ಬರುತ್ತದೆ ಎಂದು ಮಕ್ಕಳು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಆದರೆ ಊಹೆಗೆ ಆ ದರ್ಜೆ ಸಿಗುವುದು ಮುಂದಿನ ಹೆಜ್ಜೆಯಲ್ಲಿ. ತಾನು ತಪ್ಪಾಗಿದ್ದರೆ ಎಲ್ಲಿ ಸಿಕ್ಕಿಬೀಳುತ್ತೇನೆ ಎಂದು ಅದು ಮೊದಲೇ ಹೇಳಬೇಕು. ಇದು ಹಳದಿ ಜ್ವರವೇ ಆಗಿದ್ದರೆ, ಸತ್ತ ಮಂಗದಿಂದ ಮತ್ತು ರೋಗಿಗಳ ರಕ್ತದಿಂದ ತೆಗೆದ ವೈರಸ್ ಹಳದಿ ಜ್ವರದ ಪ್ರತಿಕಾಯಗಳಿಗೆ (ಆ ರೋಗದ ವಿರುದ್ಧ ರಕ್ತದಲ್ಲಿ ಹುಟ್ಟುವ ರಕ್ಷಕ ಪ್ರೋಟೀನ್‌ಗಳಿಗೆ) ತಾಳೆಯಾಗಬೇಕು. ಆಗದಿದ್ದರೆ ಊಹೆ ಬಿತ್ತು. ಮಾದರಿಗಳನ್ನು ಇಲಿಮರಿಗಳಿಗೆ ಚುಚ್ಚಿ ವೈರಸ್ ಬೇರ್ಪಡಿಸಿದರು, ಗೊತ್ತಿರುವ ವೈರಸ್‌ಗಳ ಪ್ರತಿಕಾಯಗಳೊಂದಿಗೆ ಹೋಲಿಸಿ ನೋಡಿದರು. ಹಳದಿ ಜ್ವರ ಹೊಂದಲಿಲ್ಲ. ಹೊಂದಿದ್ದು ರಷ್ಯಾದ ವಸಂತ–ಬೇಸಿಗೆ ಮಿದುಳು ಜ್ವರದ ಬಳಗ. ಆ ಬಳಗದ ವೈರಸ್‌ಗಳನ್ನು ಹರಡುವುದು ಉಣುಗು, ಅಂದರೆ ಪ್ರಾಣಿಗಳ ಮೈಗಂಟಿ ರಕ್ತ ಹೀರುವ ಉಣ್ಣೆ.

ಮೊದಲ ಊಹೆ ಬಿದ್ದದ್ದರಿಂದ ಮುಂದೆ ಎಲ್ಲಿ ಹುಡುಕಬೇಕೆಂಬುದು ಗೊತ್ತಾಯಿತು. ಉಣುಗೇ ಹರಡುತ್ತಿದ್ದರೆ ಕಾಡಿನ ಉಣುಗುಗಳಲ್ಲಿ ಅದೇ ವೈರಸ್ ಸಿಗಬೇಕು. ಸಿಕ್ಕಿತು, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯಲ್ಲಿ. ರೋಗದ ಕಾಲವೂ ಉಣುಗಿನ ಕಾಲವೂ ಒಂದೇ ಆಗಿರಬೇಕು. ನಮ್ಮಲ್ಲಿ ಸೊಳ್ಳೆ ಹೆಚ್ಚುವುದು ಮಳೆಗಾಲಕ್ಕೆ, ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ, ಕಾಡಿನ ನೆಲದಲ್ಲಿ ಮರಿ ಉಣುಗು ತುಂಬಿರುವ ತಿಂಗಳುಗಳಲ್ಲಿ.

ಇಲ್ಲಿ ನಾನು ಪಾಠ ನಿಲ್ಲಿಸಿ ಕೇಳುತ್ತೇನೆ: ಅದೇ ತಿಂಗಳುಗಳಲ್ಲಿ ನಮ್ಮ ಮನೆಗಳಲ್ಲಿ ಏನು ಕೆಲಸ? ಎಲ್ಲರಿಗೂ ಗೊತ್ತು. ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ಗುಡಿಸಿ ತರುವುದು, ಸೌದೆ ಒಟ್ಟುವುದು. ಹಾಗಾದರೆ ಕಾಯಿಲೆ ಹೆಚ್ಚುವುದು ಉಣುಗು ಹೆಚ್ಚಿದ್ದಕ್ಕೋ, ನಾವು ಕಾಡಿಗೆ ಹೋಗುವುದು ಹೆಚ್ಚಿದ್ದಕ್ಕೋ? ಕ್ಯಾಲೆಂಡರ್ ಒಂದನ್ನೇ ನೋಡಿದರೆ ಇದು ಬಿಡಿಸಿಕೊಳ್ಳುವುದಿಲ್ಲ, ಎರಡೂ ಒಟ್ಟಿಗೇ ಏರುತ್ತವೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಂಗ ವರ್ಷವಿಡೀ ಕಾಡಲ್ಲೇ ಇರ್ತದಲ್ಲ ಸಾರ್, ಅದ್ಯಾಕೆ ಇದೇ ತಿಂಗಳಲ್ಲಿ ಸಾಯ್ತದೆ?" ಅಂದಳು. ಎಷ್ಟು ಸರಿಯಾದ ಪ್ರಶ್ನೆ! ನಮ್ಮ ಓಡಾಟವೊಂದೇ ಕಾರಣವಾಗಿದ್ದರೆ ಮಂಗಗಳ ಸಾವು ಹನ್ನೆರಡು ತಿಂಗಳಿಗೂ ಹರಡಿಕೊಂಡಿರಬೇಕಿತ್ತು. ಹಾಗಿಲ್ಲ. ಎರಡು ಕಾರಣಗಳು ಒಂದಕ್ಕೊಂದು ಅಂಟಿಕೊಂಡಿರುವಾಗ, ಒಂದಿದ್ದು ಇನ್ನೊಂದಿಲ್ಲದ ಜಾಗ ಹುಡುಕುವುದನ್ನು ಆ ಹುಡುಗಿ ತಾನಾಗಿಯೇ ಮಾಡಿದ್ದಳು. ನನ್ನ ಪ್ರಕಾರ ಇಡೀ ವೈಜ್ಞಾನಿಕ ವಿಧಾನದಲ್ಲಿ ಕಲಿಯಲು ಕಷ್ಟವಾದದ್ದೂ ಕಲಿತರೆ ಬದುಕಿಡೀ ಉಪಯೋಗಕ್ಕೆ ಬರುವುದೂ ಇದೇ.

ಇನ್ನೆರಡು ಊಹೆಗಳ ಗತಿಯನ್ನೂ ಹೇಳಿಬಿಡುತ್ತೇನೆ. ರಷ್ಯಾದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ ಎಂದಾದರೆ ಅದರ ಲಸಿಕೆ ಇಲ್ಲಿಯೂ ರಕ್ಷಣೆ ಕೊಡಬೇಕು ಅಂದುಕೊಂಡರು. ಕೇಳಲು ಬಹಳ ಸಮಂಜಸ. ಕೊಟ್ಟು ನೋಡಿದರು, ರಕ್ಷಣೆ ಸಿಗಲಿಲ್ಲ. ಸಮಂಜಸವಾಗಿದೆ ಎಂಬ ಕಾರಣಕ್ಕೆ ಪರೀಕ್ಷಿಸದೆ ಬಿಟ್ಟಿದ್ದರೆ ಜನ ಸುಳ್ಳು ಧೈರ್ಯದಲ್ಲಿ ಕಾಡಿಗೆ ಹೋಗುತ್ತಿದ್ದರು. ಇನ್ನೊಂದು, ಅಷ್ಟು ದೂರದ ಬಳಗದ ವೈರಸ್ ಮಲೆನಾಡಿಗೆ ಬಂದದ್ದು ಹೇಗೆ ಎಂಬುದು. ಉತ್ತರದಿಂದ ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳು ತಂದಿರಬಹುದೇ? ಇದನ್ನು ನೋಡಲು 1959ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಕೈಹಾಕಿತು. ಹಕ್ಕಿಗಳೇ ತಂದವು ಎನ್ನಲು ಪುರಾವೆ ಸಿಗಲಿಲ್ಲ. ಆದರೆ ನಮ್ಮ ವಲಸೆ ಹಕ್ಕಿಗಳ ಬಗ್ಗೆ ಗೊತ್ತಾದದ್ದು ಎಷ್ಟೋ! ಕೈಗೂಡದ ಹೈಪಾಥಿಸಿಸ್‌ನಿಂದ ದಂಡವಾಯಿತು ಅನ್ನುವವರಿಗೆ ನಾನು ಈ ಉಂಗುರಗಳ ಕತೆ ಹೇಳುತ್ತೇನೆ.

ಆಮೇಲೆ ಹೊರ್ಹೆ ಬೊಶೆಲ್ ಎಂಬ ಕೊಲಂಬಿಯಾದ ವಿಜ್ಞಾನಿ ಬೇರೆ ದಿಕ್ಕು ತೋರಿಸಿದರು: ವೈರಸ್ ಇಲ್ಲಿಯದೇ, ಕಾಡು ಕಡಿದು ದನ ಮೇಯಿಸಲು ಶುರುವಾದ ಮೇಲೆ ಉಣುಗು ಹೆಚ್ಚಿ ರೋಗ ಭುಗಿಲೆದ್ದಿದೆ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ, ಗೇರು ತೋಟಕ್ಕಾಗಿ ಕಾಡು ಕಡಿದ ನಂತರ, ಕಾಯಿಲೆ ಜೋರಾಗಿ ಎದ್ದಾಗ ಈ ಮಾತಿಗೆ ಬಲ ಬಂತು. ಬಲ ಬಂತು ಎನ್ನುತ್ತಿದ್ದೇನೆ, ಸಾಬೀತಾಯಿತು ಎಂದು ಬರೆಯಲು ಮಕ್ಕಳಿಗೂ ಬಿಡುವುದಿಲ್ಲ. 2012ರಲ್ಲಿ ಬಂಡೀಪುರದಂಥ ರಕ್ಷಿತಾರಣ್ಯದಲ್ಲೂ ಕಾಯಿಲೆ ಕಾಣಿಸಿಕೊಂಡಿತು. ಅದನ್ನೂ ಪಕ್ಕದಲ್ಲಿಟ್ಟುಕೊಂಡೇ ಯೋಚಿಸಬೇಕು.

ಈಗ ನಿಮ್ಮ ಕರಿಬೇವು. ಅಜ್ಜಿಯ ಮಾತು ಅನುಭವದಿಂದ ಬಂದ ಒಳ್ಳೆಯ ಊಹೆ. ಅದರಲ್ಲಿ ತೊಡಕಿರುವುದು 'ಚೆನ್ನಾಗಿ' ಎಂಬ ಒಂದು ಪದದಲ್ಲಿ. ಗಿಡ ಹೇಗೆ ಬೆಳೆದರೂ ಯಾರಾದರೂ ಚೆನ್ನಾಗಿದೆ ಎನ್ನಬಹುದು. ಅದನ್ನು ತೆಗೆದು "ಎಂಟು ವಾರದಲ್ಲಿ ಮಜ್ಜಿಗೆ ಕುಡಿದ ಗಿಡಗಳಲ್ಲಿ ಹೊಸ ಎಲೆಕಡ್ಡಿಗಳು ಹೆಚ್ಚು ಬರುತ್ತವೆ" ಎಂದು ಬರೆಸಿ. ಒಂದೇ ನರ್ಸರಿಯ, ಒಂದೇ ಎತ್ತರದ ಹನ್ನೆರಡು ಸಸಿ ತನ್ನಿ. ಯಾವುದಕ್ಕೆ ಮಜ್ಜಿಗೆ, ಯಾವುದಕ್ಕೆ ನೀರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಮಗಳು ಆರಿಸಿದರೆ ಚೆಂದದ ಸಸಿಗಳೆಲ್ಲ ಮಜ್ಜಿಗೆಯ ಕಡೆ ಹೋಗುತ್ತವೆ. ಮಜ್ಜಿಗೆಯ ಬಹುಪಾಲು ನೀರೇ ಆದ್ದರಿಂದ ಉಳಿದ ಆರಕ್ಕೆ ಅಷ್ಟೇ ಅಳತೆಯ ನೀರು ಹಾಕಲೇಬೇಕು, ಇಲ್ಲವಾದರೆ ನೀವು ಪರೀಕ್ಷಿಸಿದ್ದು ನೀರನ್ನು. ಕುಂಡಗಳಿಗೆ ನಂಬರ್ ಹಾಕಿ, ನೀವು ಹೊಯ್ಯಿರಿ, ಯಾವುದು ಯಾವುದೆಂದು ಗೊತ್ತಿಲ್ಲದೆ ಮಗಳು ಎಣಿಸಲಿ. ವಾರಕ್ಕೊಮ್ಮೆ ಕುಂಡಗಳ ಜಾಗ ಬದಲಿಸಿ, ಬಿಸಿಲು ಎಲ್ಲಕ್ಕೂ ಸಮನಾಗಿ ಸಿಗಲಿ.

ಮೊದಲ ದಿನವೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಇರಲಿ: ಎಷ್ಟು ವ್ಯತ್ಯಾಸ ಬಂದರೆ ಅಜ್ಜಿಯ ಮಾತನ್ನು ಒಪ್ಪುತ್ತೇನೆ, ಎಷ್ಟಕ್ಕಿಂತ ಕಡಿಮೆಯಾದರೆ ಒಪ್ಪುವುದಿಲ್ಲ. ಗಿಡಗಳು ಒಂದಕ್ಕೊಂದು ಹೇಗೂ ಸ್ವಲ್ಪ ಬೇರೆಯೇ ಇರುತ್ತವೆ, ಹಾಗಾಗಿ ಒಂದೆರಡು ಎಲೆಕಡ್ಡಿಯ ಅಂತರ ಬಂದರೆ "ಇಷ್ಟರಿಂದ ಹೇಳಲಾಗದು" ಎಂದು ಬರೆಯುವುದೂ ಪೂರ್ಣ ಅಂಕಕ್ಕೆ ಯೋಗ್ಯವಾದ ಉತ್ತರ. ಚಳಿ ಕಳೆದ ಮೇಲೆ ಶುರು ಮಾಡಿ, ಕರಿಬೇವು ಚಳಿಯಲ್ಲಿ ಚಿಗುರುವುದು ನಿಧಾನ. ಮಜ್ಜಿಗೆಗೆ ಉಪ್ಪು ಹಾಕಿರಬಾರದು, ನೆನಪಿರಲಿ.