ಹೊಡೆದಾಟ ಬೇಡ, ಕೋರ್ಟು ಕಾಗದ ಸಾಕು ಅಂದವರಿಗೆ

ಕಂಪನಿಯ ಮೋಸದ ಕಥೆ ಬೇಕು, ವಕೀಲರು ಇರಬೇಕು, ಆದರೆ ನಿಧಾನಕ್ಕೆ ಬಿಗಿಯಾಗುತ್ತಾ ಹೋಗಬೇಕು ಅಂತ ಕೇಳಿದ್ದೀರಿ. ಹಾಗಾದರೆ 2019ರ ‘ಡಾರ್ಕ್ ವಾಟರ್ಸ್’ ಸಿನಿಮಾ ನೋಡಿ. ನಿರ್ದೇಶಕ ಟಾಡ್ ಹೇನ್ಸ್, ವಕೀಲನ ಪಾತ್ರದಲ್ಲಿ ಮಾರ್ಕ್ ರಫಲೋ.

ಇದು ನಡೆದ ಕಥೆ. ರಾಬ್ ಬಿಲಾಟ್ ಕೆಮಿಕಲ್ ಕಂಪನಿಗಳ ಪರವಾಗಿಯೇ ವಾದ ಮಾಡುವ ವಕೀಲ. ಒಂದು ದಿನ ಅಜ್ಜಿಯ ಊರಿನ ಕಡೆಯ ರೈತನೊಬ್ಬ ವಿಡಿಯೋ ಕ್ಯಾಸೆಟ್ಟುಗಳನ್ನು ಹೊತ್ತು ಆಫೀಸಿಗೇ ಬಂದುಬಿಡುತ್ತಾನೆ. ನನ್ನ ದನಗಳು ಸಾಯುತ್ತಿವೆ, ಡುಪಾಂಟ್ ಕಂಪನಿ ನೀರಿಗೆ ಏನೋ ಬಿಡುತ್ತಿದೆ ಅನ್ನೋದು ಅವನ ದೂರು. ಆ ‘ಏನೋ’ ಎಂದರೆ ಟೆಫ್ಲಾನ್, ಅಂದರೆ ನಾನ್‌ಸ್ಟಿಕ್ ಪಾತ್ರೆಗಳ ಲೇಪ, ತಯಾರಿಕೆಯಲ್ಲಿ ಬಳಸುತ್ತಿದ್ದ ಸಿ8 ಅನ್ನೋ ರಾಸಾಯನಿಕ.

ನನಗೆ ತುಂಬಾ ಹಿಡಿಸಿದ್ದು ಪೆಟ್ಟಿಗೆಗಳ ಭಾಗ. ದಾಖಲೆ ಕೊಡಿ ಅಂದರೆ ಕಂಪನಿ ಒಂದು ಕೋಣೆ ತುಂಬುವಷ್ಟು ಕಾಗದ ಕಳಿಸುತ್ತದೆ. ಹುಡುಕಿ ಸುಸ್ತಾಗಲಿ ಅಂತ, ಅಲ್ವಾ? ರಾಬ್ ನೆಲದ ಮೇಲೆ ಕೂತು ಒಂದೊಂದೇ ಹಾಳೆ ಓದುತ್ತಾನೆ. ಗುಂಡಿಲ್ಲ, ಚೇಸಿಂಗ್ ಇಲ್ಲ, ಆದರೂ ಎದೆ ಢವಢವ ಅನ್ನುತ್ತದೆ. ಆ ನೀರು ಕುಡಿದ ಜನರ ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ವರ್ಷಗಟ್ಟಲೆ ಕಾಯುವ ಭಾಗ ಮಾತ್ರ ಸ್ವಲ್ಪ ಎಳೆದ ಹಾಗಿದೆ. ನಿಜವಾಗಿ ನಡೆದದ್ದೂ ಹಾಗೇ ಬಿಡಿ. ಕೊನೆಗೆ 2017ರಲ್ಲಿ ಆ ಜನರ ಕೇಸುಗಳು ಸುಮಾರು 67 ಕೋಟಿ ಡಾಲರ್‌ಗೆ ರಾಜಿ ಆದವು.

ವಕೀಲನ ಹೆಂಡತಿಯ ಪಾತ್ರ ಮಾಡಿರುವ ಆನ್ ಹ್ಯಾಥವೇಗೆ ಹೆಚ್ಚು ಕೆಲಸ ಕೊಟ್ಟಿಲ್ಲ, ಅದೊಂದು ಬೇಜಾರು.

ಪೂರ್ತಿ ಕಲ್ಪನೆಯ ಕಥೆಯೇ ಬೇಕಿದ್ದರೆ 2007ರ ‘ಮೈಕಲ್ ಕ್ಲೇಟನ್’ ಇದೆ. ಅದೂ ನಿಧಾನ. ಆದರೆ ಮೊದಲು ಇದನ್ನೇ ನೋಡಿ. ನೋಡಿದ ಮೇಲೆ ಅಡುಗೆಮನೆಯ ನಾನ್‌ಸ್ಟಿಕ್ ತವಾ ಕಡೆ ಸುಮ್ನೆ ಒಮ್ಮೆ ಕಣ್ಣು ಹೋಗುತ್ತದೆ, ನನಗಂತೂ ಹೋಯಿತು.